ಗೋಧಿಯ ಹೊಸ ತಳಿ ಹೆಚ್ಚು ಇಳುವರಿ ಕೊಡುತ್ತದೆಂದು ಹೊಲದಲ್ಲಿ ಹೇಗೆ ತೀರ್ಮಾನಿಸುತ್ತಾರೆ?

ನಿಮ್ಮ ಪ್ರಶ್ನೆ: ಹಿಂಗಾರಿ ಗೋಧಿಯ ಹೊಸ ತಳಿ ಹಳೆಯದಕ್ಕಿಂತ ಎಕರೆಗೆ ಒಂದು ಕ್ವಿಂಟಲ್ ಹೆಚ್ಚು ಬರುತ್ತದೆ ಅನ್ನುತ್ತಾರೆ, ಅದನ್ನು ಹೇಗೆ ಅಳೆಯುತ್ತಾರೆ, ನಂಬಬಹುದೇ?

ಮೊದಲು ಒಂದು ಮಾತು. ಯುರೋಪ್, ಅಮೆರಿಕಗಳ ‘ವಿಂಟರ್ ವೀಟ್’ ಬೇರೆ. ಅದಕ್ಕೆ ತೆನೆ ಬಿಡಲು ಹಲವು ವಾರಗಳ ಕೊರೆಯುವ ಚಳಿ ಬೇಕು. ಧಾರವಾಡದಲ್ಲಿ ಬಿತ್ತಿದರೆ ಹುಲ್ಲಾಗಿಯೇ ಉಳಿದೀತು. ನಾವು ಬೆಳೆಯುವುದು ಆ ಚಳಿ ಬೇಡದ ಗೋಧಿ, ಚಳಿಗಾಲದಲ್ಲಿ ಬಿತ್ತುತ್ತೇವೆ ಅಷ್ಟೆ. ನಾನು ಹೇಳುವುದು ಇದರ ಪರೀಕ್ಷೆ.

ದೇಶದಲ್ಲಿ ಇದನ್ನು ನಡೆಸುವುದು ಹರಿಯಾಣದ ಕರ್ನಾಲ್‌ನ ಗೋಧಿ ಮತ್ತು ಬಾರ್ಲಿ ಸಂಶೋಧನಾ ಸಂಸ್ಥೆಯ ಸಮನ್ವಯದ ಅಖಿಲ ಭಾರತ ಯೋಜನೆ. ಕರ್ನಾಟಕ, ಮಹಾರಾಷ್ಟ್ರ ಸೇರುವುದು ಪರ್ಯಾಯ ದ್ವೀಪ ವಲಯಕ್ಕೆ. ಧಾರವಾಡ, ಪುಣೆ, ನಿಫಾಡ್ ಇಲ್ಲಿಯ ಕೇಂದ್ರಗಳು. ತಳಿ ಮೊದಲು ಪ್ರಾಥಮಿಕ ಪ್ರಯೋಗಕ್ಕೆ, ಅಲ್ಲಿ ಗೆದ್ದರೆ ಮುಂದುವರಿದ ಪ್ರಯೋಗಕ್ಕೆ ಹೋಗುತ್ತದೆ. ಸಾಮಾನ್ಯವಾಗಿ ಎಲ್ಲ ಸೇರಿ ಮೂರು ಹಿಂಗಾರು. ಬೀಜದ ಪಾಕೀಟಿನ ಮೇಲೆ ತಳಿಯ ಹೆಸರಿನ ಬದಲು ಕೋಡ್ ನಂಬರ್ ಇರುತ್ತದೆ. ಇದು ಬಹಳ ಮುಖ್ಯ: ತನ್ನದೇ ಕೇಂದ್ರದ ತಳಿ ಯಾವ ತಾಕಿನಲ್ಲಿದೆ (ತಾಕು ಅಂದರೆ ಒಂದು ತಳಿ ಬಿತ್ತಿದ ಸಣ್ಣ ತುಂಡು ಹೊಲ) ಎಂದು ಗೊತ್ತಿದ್ದರೆ ರೋಗಕ್ಕೆ ಅಂಕ ಹಾಕುವವರ ಕೈ ಸಡಿಲವಾಗುತ್ತದೆ.

ಬೀಜ ತೂಗುವಲ್ಲೇ ಮೊದಲ ತಪ್ಪು ನುಸುಳಬಹುದು. 20 ಸೆಂ.ಮೀ. ಅಂತರದ ಆರು ಸಾಲು, ಆರು ಮೀಟರ್ ಉದ್ದ ಎಂದಿಟ್ಟುಕೊಳ್ಳಿ, ತಾಕು 7.2 ಚದರ ಮೀಟರ್. ಹೆಕ್ಟೇರಿಗೆ 100 ಕೆ.ಜಿ. ಲೆಕ್ಕದಲ್ಲಿ 72 ಗ್ರಾಂ ಬೀಜ. ಆದರೆ ಈ ಲೆಕ್ಕ ಸಾವಿರ ಕಾಳಿಗೆ 38 ಗ್ರಾಂ ತೂಗುವ ತಳಿಗೆ. 48 ಗ್ರಾಂ ತೂಗುವ ದಪ್ಪ ಕಾಳಿನ ಡ್ಯೂರಂಗೂ (ರವೆಗೆ ಬಳಸುವ ಗೋಧಿ) 72 ಗ್ರಾಮೇ ಹಾಕಿದರೆ ಸಸಿಗಳ ಸಂಖ್ಯೆ ಕಡಿಮೆಯಾಗಿ, ತಳಿಯ ತಪ್ಪಿಲ್ಲದೆ ಇಳುವರಿ ಕುಸಿಯಬಹುದು. ಅದಕ್ಕೆ 91 ಗ್ರಾಂ ಬೇಕು. ಸಮ ಮಾಡಬೇಕಾದ್ದು ತೂಕವನ್ನಲ್ಲ, ಕಾಳಿನ ಎಣಿಕೆಯನ್ನು.

ನಂತರದ ಶತ್ರು ಹೊಲ. ನೋಡಲು ಒಂದೇ ಸಮನಾದ ಎರಿ ಭೂಮಿಯಲ್ಲೂ ತಗ್ಗಿನ ಕಡೆ ತೇವ ಹೆಚ್ಚು, ಏರಿನ ಕಡೆ ಮಣ್ಣು ತೆಳು. ಹಾಗಾಗಿ ಹೊಲವನ್ನು ಇಳಿಜಾರಿಗೆ ಅಡ್ಡಲಾಗಿ ನಾಲ್ಕು ಪಟ್ಟಿ ಮಾಡಿ, ಪ್ರತಿ ಪಟ್ಟಿಯಲ್ಲೂ ಎಲ್ಲ ತಳಿಗಳನ್ನು ಚೀಟಿ ಎತ್ತಿದಂತೆ ಹಂಚುತ್ತಾರೆ. ಆ ವಲಯದಲ್ಲಿ ಈಗಾಗಲೇ ಚೆನ್ನಾಗಿ ಬರುತ್ತಿರುವ ತಳಿಗಳು ಹೋಲಿಕೆಗಾಗಿ ಅದರಲ್ಲೇ ಇರುತ್ತವೆ. ಪಟ್ಟಿಗಳನ್ನು ಇಳಿಜಾರಿನ ಉದ್ದಕ್ಕೇ ಎಳೆದರೆ ಒಂದೇ ಪಟ್ಟಿಯೊಳಗೆ ಏರು ತಗ್ಗು ಎರಡೂ ಬಂದು ನಾಲ್ಕು ಪುನರಾವರ್ತನೆಯ, ಅಂದರೆ ಪ್ರತಿ ತಳಿಯನ್ನು ನಾಲ್ಕು ಸಲ ಬಿತ್ತಿದ್ದರ, ಪ್ರಯೋಜನವೇ ಹೋಗುತ್ತದೆ.

ಕೊಯ್ಲಿನಲ್ಲಿ ಅಂಚಿನ ಸಾಲುಗಳನ್ನು ಲೆಕ್ಕಕ್ಕೆ ಸೇರಿಸಬಾರದು. ಅವಕ್ಕೆ ಬಿಸಿಲು, ನೀರು ಹೆಚ್ಚು ಸಿಗುತ್ತದೆ. ಎರಡೂ ಬದಿಯ ಒಂದೊಂದು ಸಾಲು, ತುದಿಗಳಲ್ಲಿ ಅರ್ಧರ್ಧ ಮೀಟರ್ ಬಿಟ್ಟರೆ ಉಳಿಯುವುದು 4 ಚದರ ಮೀಟರ್. ಅದರಲ್ಲಿ 1.8 ಕೆ.ಜಿ. ಕಾಳು ಬಂದರೆ ಹೆಕ್ಟೇರಿಗೆ 45 ಕ್ವಿಂಟಲ್. ಈಗ ನೀವು ಹೇಳಿದ ‘ಎಕರೆಗೆ ಒಂದು ಕ್ವಿಂಟಲ್’ ನೋಡಿ: ಈ ತಾಕಿನಲ್ಲಿ ಅದು ಬರೀ 100 ಗ್ರಾಂ, ಎರಡು ಹಿಡಿ ಕಾಳು! ಗುಬ್ಬಿಗಳು ಮೊದಲು ಹಣ್ಣಾದ ತಳಿಗೇ ಮುತ್ತಿದರೆ, ಒಕ್ಕುವ ಯಂತ್ರದಲ್ಲಿ ಹಿಂದಿನ ತಾಕಿನ ಕಾಳು ಉಳಿದಿದ್ದರೆ ಅಷ್ಟು ವ್ಯತ್ಯಾಸ ಸುಲಭವಾಗಿ ಬರುತ್ತದೆ. ತೇವಾಂಶವನ್ನೂ ಒಂದೇ ಮಟ್ಟಕ್ಕೆ, ಉದಾಹರಣೆಗೆ 12 ಪ್ರತಿಶತಕ್ಕೆ, ಸರಿಹೊಂದಿಸಬೇಕು.

ಅದಕ್ಕೇ ಅಂಕಿಅಂಶದ ಜರಡಿ. ಸರಾಸರಿ 45 ಕ್ವಿಂಟಲ್, ನಾಲ್ಕು ಪುನರಾವರ್ತನೆ, ತಾಕಿನಿಂದ ತಾಕಿಗೆ ಏರುಪೇರು 10 ಪ್ರತಿಶತ ಇದ್ದರೆ, ಎರಡು ತಳಿಗಳ ನಡುವೆ ಹೆಕ್ಟೇರಿಗೆ ಸುಮಾರು 6.4 ಕ್ವಿಂಟಲ್ ಅಂತರ ಇಲ್ಲದೆ ‘ಇದು ಮೇಲು’ ಅನ್ನುವಂತಿಲ್ಲ. ಅಂದರೆ ಎಕರೆಗೆ ಎರಡೂವರೆ ಕ್ವಿಂಟಲ್. ಒಂದೇ ಊರಿನ ಒಂದೇ ವರ್ಷದ ಪ್ರಯೋಗ ತೋರಿಸಿ ಎಕರೆಗೆ ಒಂದು ಕ್ವಿಂಟಲ್ ಹೆಚ್ಚು ಎಂದರೆ ನಾನು ನಂಬುವುದಿಲ್ಲ. ಅದೇ ಅಂತರ ಹತ್ತು ಕೇಂದ್ರಗಳಲ್ಲಿ, ಎರಡು ಮೂರು ವರ್ಷ ನಿಂತರೆ ಮಾತು ಬೇರೆ.

ಇಳುವರಿಯಲ್ಲಿ ಗೆದ್ದ ತಳಿಯೂ ಭಂಡಾರ ರೋಗದಲ್ಲಿ, ಅಂದರೆ ತುಕ್ಕು ರೋಗದಲ್ಲಿ, ಬೀಳಬಹುದು. ನಮ್ಮ ಕಡೆ ಕಂದು ಮತ್ತು ಕಪ್ಪು ತುಕ್ಕು ಮುಖ್ಯ. ಇವುಗಳ ಬೀಜಕಣ ನೀಲಗಿರಿ ಬೆಟ್ಟಗಳಲ್ಲಿ ವರ್ಷವಿಡೀ ಬದುಕಿ ಗಾಳಿಯಲ್ಲಿ ಬರುತ್ತದೆ. ರೋಗ ತಾನಾಗಿ ಬರಲೆಂದು ಕಾಯುವುದಿಲ್ಲ. ಪರೀಕ್ಷಾ ಸಾಲುಗಳ ಸುತ್ತ ಬೇಗ ರೋಗ ಹತ್ತುವ ತಳಿ ಬಿತ್ತಿ, ಅದಕ್ಕೆ ತುಕ್ಕಿನ ಪುಡಿಯನ್ನು ನೀರಿನಲ್ಲಿ ಬೆರೆಸಿ ಸಿಂಪಡಿಸಿ ಹಬ್ಬಿಸುತ್ತಾರೆ. ಅಂಕ ‘40 ಎಸ್’ ಎಂದರೆ ಎಲೆಯ 40 ಪ್ರತಿಶತ ತುಕ್ಕು, ತಳಿ ಪೂರಾ ಬಲಿ, ‘40 ಎಂ.ಆರ್.’ (ಸಾಧಾರಣ ನಿರೋಧಕ) ಎಂದರೆ ಅಷ್ಟೇ ಹರಡಿದ್ದರೂ ಗುಳ್ಳೆ ಸಣ್ಣವು, 0.4ರಿಂದ ಗುಣಿಸಿ 16 ಎಂದು ಹಿಡಿಯುತ್ತಾರೆ.

ಗುಣಮಟ್ಟ ಕೊನೆಗೆ ಬಂದರೂ ತಳಿಯನ್ನು ಕೈಬಿಡಲು ಅದೂ ಸಾಕು: ಪ್ರೋಟೀನು, ಚಪಾತಿಗೆ ಹತ್ತರಲ್ಲಿ ಅಂಕ, ರವೆಯ ಡ್ಯೂರಂಗೆ ಹಳದಿ ಬಣ್ಣ. ಸಾರಜನಕ ಕಡಿಮೆಯಾದರೆ ಡ್ಯೂರಂ ಕಾಳಿನಲ್ಲಿ ಬಿಳಿಚಿದ ಹಿಟ್ಟುಮಚ್ಚೆ ಕಾಣುತ್ತದೆ; ಅದನ್ನು ತಳಿಯ ದೋಷವೆಂದು ಬರೆದುಬಿಡುವವರಿದ್ದಾರೆ.

ನಿಮ್ಮ ಹೊಲದಲ್ಲೇ ನೋಡುವುದಾದರೆ ಹೊಸದನ್ನು ಒಂದು ಮೂಲೆಗೆ ಹಾಕಬೇಡಿ. ಕೂರಿಗೆಯಲ್ಲಿ ಹಳೆಯದು ಒಂದು ಪಟ್ಟಿ, ಹೊಸದು ಒಂದು ಪಟ್ಟಿ, ಹೀಗೆ ನಾಲ್ಕು ಜೋಡಿ ಅಕ್ಕಪಕ್ಕ ಬಿತ್ತಿ. ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎಂಬುದನ್ನು ಪ್ರತಿ ಜೋಡಿಗೂ ನಾಣ್ಯ ಚಿಮ್ಮಿ ಗೊತ್ತುಮಾಡಿ. ಒಂದೇ ದಿನ ಬಿತ್ತಿ, ಒಂದೇ ದಿನ ನೀರು ಹಾಯಿಸಿ. ರಾಶಿ ಮಾಡುವಾಗ ಎಂಟೂ ಪಟ್ಟಿಗಳನ್ನು ಬೇರೆ ಬೇರೆ ತೂಗಿ ಬರೆದಿಡಿ. ನಾಲ್ಕು ಜೋಡಿಯಲ್ಲೂ ಹೊಸದೇ ಮೇಲಾದರೆ ಮುಂದಿನ ವರ್ಷ ಇನ್ನಷ್ಟು ಬೀಜ ತನ್ನಿ. ಎರಡರಲ್ಲಿ ಗೆದ್ದು ಎರಡರಲ್ಲಿ ಸೋತರೆ ಇನ್ನೊಂದು ಹಿಂಗಾರಿ ಹೀಗೇ ಬಿತ್ತಿ ನೋಡಿ.