ಇಲಿಯ ಮಿದುಳಿನಲ್ಲಿ ಫಿನೈಲ್‌ಎಥಿಲಮೈನ್ ಅಳೆಯುವುದೇಕೆ ಕಷ್ಟ?

ಮೊದಲ ತೊಡಕು ಪ್ರಮಾಣದ್ದು: ಒಂದು ಗ್ರಾಂ ಮಿದುಳಿನಲ್ಲಿ ಈ ಅಮೈನ್ (ಮಿದುಳಿನಲ್ಲಿ ತಯಾರಾಗುವ, ಸಾರಜನಕವಿರುವ ಒಂದು ಸಣ್ಣ ರಾಸಾಯನಿಕ) ಇರುವುದು ಕೆಲವೇ ನ್ಯಾನೋಗ್ರಾಂ, ಅಂದರೆ ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮೈನಿಗಿಂತ ನೂರಾರು ಪಟ್ಟು ಕಡಿಮೆ. ಆದರೆ ಕಡಿಮೆ ಇದ್ದ ಮಾತ್ರಕ್ಕೆ ಕಡಿಮೆ ತಯಾರಾಗುತ್ತದೆ ಎಂದಲ್ಲ, ಹಲವರು ಎಡವುವುದು ಇಲ್ಲಿಯೇ. ಫಿನೈಲಲನೈನ್ ಎಂಬ ಅಮೈನೋ ಆಮ್ಲದಿಂದ ಹುಟ್ಟಿದ ಅದನ್ನು ಮೋನೋಅಮೈನ್ ಆಕ್ಸಿಡೇಸ್-ಬಿ ಕಿಣ್ವವು ಕೆಲವೇ ನಿಮಿಷಗಳಲ್ಲಿ ಒಡೆಯುತ್ತದೆ. ಉಳಿಯುವುದು ಹೆಚ್ಚಾಗಿ ಫಿನೈಲಸೆಟಿಕ್ ಆಮ್ಲ. ಡೆಪ್ರೆನಿಲ್ ಎಂಬ ಔಷಧ ಕೊಟ್ಟು ಆ ಕಿಣ್ವವನ್ನು ತಡೆದು, ಅಮೈನ್ ಎಷ್ಟು ಬೇಗ ಶೇಖರವಾಗುತ್ತದೆಂದು ನೋಡಿದರೆ ಉತ್ಪಾದನೆಯ ವೇಗದ ಅಂದಾಜು ಸಿಗುತ್ತದೆ.

ಅಳೆಯುವಾಗ ಅಂಗಾಂಶವನ್ನು ತಕ್ಷಣ ಹೆಪ್ಪುಗಟ್ಟಿಸಿಟ್ಟು, ಅರೆಯುವ ಹಂತದಲ್ಲೇ ಡ್ಯೂಟೀರಿಯಂ (ಭಾರದ ಹೈಡ್ರೋಜನ್) ಸೇರಿಸಿದ ಅದೇ ಅಮೈನನ್ನು ಗೊತ್ತಾದ ಪ್ರಮಾಣದಲ್ಲಿ ಬೆರೆಸಬೇಕು. ಶುದ್ಧೀಕರಣದಲ್ಲಿ ಎರಡೂ ಬಹುಮಟ್ಟಿಗೆ ಒಂದೇ ಪಾಲಿನಲ್ಲಿ ನಷ್ಟವಾಗುವುದರಿಂದ, ಅಣುಗಳನ್ನು ತೂಕದಿಂದ ಬೇರ್ಪಡಿಸಿ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಕಾಣುವ ಅವುಗಳ ಅನುಪಾತದಿಂದ ಮೂಲ ಪ್ರಮಾಣವನ್ನು ಲೆಕ್ಕಹಾಕಬಹುದು.