ನನ್ನ ಮಗಳಿಗೆ ಸೀಟು ಸಿಗುತ್ತಾ? ಅಮೆರಿಕದ ಕಾಲೇಜು ಅರ್ಜಿ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳದ್ದು. ಮಕ್ಕಳು ಹೈಸ್ಕೂಲಿನ ಕೊನೆಯ ವರ್ಷಕ್ಕೆ ಬಂದಿದ್ದಾರೆ, ಅರ್ಜಿ ಹಾಕುವ ಹೊತ್ತು. ಹೆಸರು, ಶಾಲೆ ಬಿಟ್ಟು, ಪ್ರಶ್ನೆಗಳನ್ನು ಸ್ವಲ್ಪ ಚಿಕ್ಕದು ಮಾಡಿ ಹಾಕಿದ್ದೇವೆ.

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿದ್ದೇವೆ. ಮಗಳು 12ನೇ ತರಗತಿ. ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ) 3.94, ವೆಯ್ಟೆಡ್ (ಕಠಿಣ ಕೋರ್ಸಿನ ಹೆಚ್ಚುವರಿ ಅಂಕ ಸೇರಿಸಿದರೆ) 4.5. ಎಸ್‌ಎಟಿ (ಕಾಲೇಜು ಪ್ರವೇಶ ಪರೀಕ್ಷೆ) 1600ಕ್ಕೆ 1540. ಎಪಿ ಕೋರ್ಸ್ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಪಾಠ) 9. ರೋಬೊಟಿಕ್ಸ್ ಕ್ಲಬ್ಬಿನಲ್ಲಿದ್ದಾಳೆ, ಭರತನಾಟ್ಯ ಕಲಿತಿದ್ದಾಳೆ, ಲೈಬ್ರರಿಯಲ್ಲಿ ಚಿಕ್ಕ ಮಕ್ಕಳಿಗೆ ಕೋಡಿಂಗ್ ಹೇಳಿಕೊಡುತ್ತಾಳೆ. ಕಂಪ್ಯೂಟರ್ ಸೈನ್ಸ್ ಬೇಕು. ಸ್ಟ್ಯಾನ್‌ಫರ್ಡ್, ಎಂಐಟಿ, ಹಾರ್ವರ್ಡ್, ಕಾರ್ನೆಗಿ ಮೆಲನ್, ಬರ್ಕ್ಲಿ, ಯುಸಿಎಲ್‌ಎ ಎಲ್ಲ ಸೇರಿ 10 ಕಾಲೇಜು ಆರಿಸಿಕೊಂಡಿದ್ದಾಳೆ. ಒಂದೊಂದಕ್ಕೂ ಶೇಕಡಾ ಎಷ್ಟು ಸಾಧ್ಯತೆ ಅಂತ ಹೇಳುತ್ತೀರಾ? ಹತ್ತರಲ್ಲಿ ಒಂದಾದರೂ ಸಿಗಬೇಕಲ್ವಾ?

ಉತ್ತರ: ಶೇಕಡಾ ಲೆಕ್ಕ ನನ್ನಿಂದ ಹೇಳಲು ಆಗುವುದಿಲ್ಲ. ಬೇರೆ ಯಾರಿಂದಲೂ ಆಗುವುದಿಲ್ಲ. ದುಡ್ಡು ತೆಗೆದುಕೊಂಡು "ಸ್ಟ್ಯಾನ್‌ಫರ್ಡಿಗೆ ಇಷ್ಟು ಪರ್ಸೆಂಟ್" ಅಂತ ಹೇಳುವವರನ್ನು ದಯವಿಟ್ಟು ನಂಬಬೇಡಿ. ಮಗಳು ಬರೆಯುವ ಪ್ರಬಂಧ, ಟೀಚರ್ ಕೊಡುವ ಶಿಫಾರಸು ಪತ್ರ, ಅದೇ ಶಾಲೆಯಿಂದ ಇನ್ನು ಯಾರೆಲ್ಲ ಅರ್ಜಿ ಹಾಕಿದ್ದಾರೆ, ಆ ವರ್ಷ ಆ ಕಾಲೇಜಿಗೆ ಎಂಥ ಹುಡುಗರು ಬೇಕಾಗಿದ್ದಾರೆ, ಇವು ಯಾವುದೂ ಅವರ ಲೆಕ್ಕದಲ್ಲಿ ಇರುವುದಿಲ್ಲ. ಆದರೆ ತೀರ್ಮಾನ ಆಗುವುದು ಅಲ್ಲೇ.

ನಿಮ್ಮ ಮಗಳ ಅಂಕ ಚೆನ್ನಾಗಿದೆ. ಇದನ್ನು ಮೊದಲು ಹೇಳಬೇಕು, ಯಾಕೆಂದರೆ ಮುಂದೆ ಹೇಳುವುದು ಕೇಳಿ ಅವಳಲ್ಲಿ ಏನೋ ಕಮ್ಮಿ ಇದೆ ಅಂತ ಅನ್ನಿಸಬಾರದು. 2024ರಲ್ಲಿ ಹಾರ್ವರ್ಡಿಗೆ 54,008 ಅರ್ಜಿ ಬಂದವು, 1,937 ಮಂದಿಗೆ ಸೀಟು ಸಿಕ್ಕಿತು. ಅದೇ ವರ್ಷ ಎಂಐಟಿಗೆ 28,232 ಅರ್ಜಿ, ಸೀಟು 1,275 ಮಂದಿಗೆ. ಬಾಗಿಲ ಹೊರಗೆ ಉಳಿದವರಲ್ಲಿ 1540 ತೆಗೆದವರು, ಎಲ್ಲದರಲ್ಲೂ ಎ ಬಂದವರು ಸಾವಿರಾರು ಮಂದಿ ಇರುತ್ತಾರೆ. ಅಂಥ ಅಂಕ ಇದ್ದರೆ ಅರ್ಜಿಯನ್ನು ಗಮನ ಕೊಟ್ಟು ಓದುತ್ತಾರೆ. ಅಂಕದ ಕೆಲಸ ಅಷ್ಟಕ್ಕೇ ಮುಗಿಯುತ್ತದೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಹತ್ತು ಕಡೆ ಹಾಕಿದರೆ ಒಂದಾದರೂ ಬರುತ್ತದೆ ಅನ್ನುವ ಧೈರ್ಯ ತುಂಬಾ ಮನೆಗಳಲ್ಲಿದೆ. ಲೆಕ್ಕ ಹಾಕಿ ನೋಡೋಣ. ಒಂದೊಂದು ಕಾಲೇಜಿನಲ್ಲೂ ಶೇಕಡಾ 5 ಸಾಧ್ಯತೆ ಅಂತ ಇಟ್ಟುಕೊಳ್ಳಿ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ ಅಂತಲೂ ಇಟ್ಟುಕೊಳ್ಳಿ. ಆಗಲೂ ಹತ್ತರಲ್ಲಿ ಒಂದಾದರೂ ಸಿಗುವ ಸಾಧ್ಯತೆ ಸುಮಾರು ಶೇಕಡಾ 40 ಅಷ್ಟೇ. ನಿಜದಲ್ಲಿ ಇನ್ನೂ ಕಮ್ಮಿಯೇ ಇರಬಹುದು, ಏಕೆಂದರೆ ಹತ್ತೂ ಕಡೆ ಹೋಗುವುದು ಹೆಚ್ಚುಕಮ್ಮಿ ಅದೇ ಅರ್ಜಿ. ಪ್ರಬಂಧ ಸಪ್ಪೆಯಾಗಿದ್ದರೆ ಹತ್ತೂ ಕಡೆ ಸಪ್ಪೆಯೇ. ಹಾಗಾಗಿ ಇಂಥವೇ ಇನ್ನೂ ಹತ್ತು ಸೇರಿಸಿದರೂ ಪಟ್ಟಿ ಗಟ್ಟಿಯಾಗುವುದಿಲ್ಲ. ಒಂದೇ ಅರ್ಜಿಯನ್ನು ಹಲವು ಕಾಲೇಜಿಗೆ ಕಳಿಸುವ ಕಾಮನ್ ಆ್ಯಪ್‌ನಲ್ಲಿ 20 ಕಾಲೇಜಿಗೆ ಹಾಕಬಹುದು, ನಿಜ, ಆದರೆ ಇಪ್ಪತ್ತಕ್ಕೂ ಬೇರೆ ಬೇರೆ ಪ್ರಬಂಧ ಬರೆಯುವ ಹೊತ್ತಿಗೆ ಮಗು ಸೋತು ಹೋಗಿರುತ್ತದೆ, ಕೊನೆಯವು ಓದಿದರೇ ಗೊತ್ತಾಗುತ್ತದೆ.

ಇನ್ನೊಂದು ಮುಖ್ಯ ವಿಷಯ. ಕಾಲೇಜಿನ ಒಟ್ಟು ಪ್ರವೇಶ ದರ ನೋಡಿ ಕಂಪ್ಯೂಟರ್ ಸೈನ್ಸ್ ಬಗ್ಗೆ ತೀರ್ಮಾನ ಮಾಡಬೇಡಿ. ಹಾರ್ವರ್ಡ್, ಎಂಐಟಿ, ಸ್ಟ್ಯಾನ್‌ಫರ್ಡ್‌ನಲ್ಲಿ ಮೇಜರ್ (ಓದುವ ಮುಖ್ಯ ವಿಷಯ) ನೋಡಿ ಸೀಟು ಕೊಡುವುದಿಲ್ಲ, ಸೇರಿದ ಮೇಲೆ ಆರಿಸಿಕೊಳ್ಳಬಹುದು. ಕಾರ್ನೆಗಿ ಮೆಲನ್‌ನಲ್ಲಿ ಹಾಗಲ್ಲ, ಅಲ್ಲಿನ ಸ್ಕೂಲ್ ಆಫ್ ಕಂಪ್ಯೂಟರ್ ಸೈನ್ಸ್‌ಗೆ ಬೇರೆಯೇ ಆಯ್ಕೆ, ಇಡೀ ವಿಶ್ವವಿದ್ಯಾಲಯದ ದರಕ್ಕಿಂತ ಅದು ತುಂಬಾ ಕಠಿಣ. ಬರ್ಕ್ಲಿಯಲ್ಲೂ 2023ರಿಂದ ಈ ಮೇಜರ್‌ಗೆ ಅರ್ಜಿ ಹಂತದಲ್ಲೇ ಆಯ್ಕೆ. ಮೊದಲು ಬೇರೆ ಯಾವುದಕ್ಕೋ ಸೇರಿ ಆಮೇಲೆ ಬದಲಾಯಿಸಿಕೊಳ್ಳುತ್ತೇನೆ ಅನ್ನುವ ದಾರಿ ಈಗ ತುಂಬಾ ಕಿರಿದಾಗಿದೆ.

ಯುಸಿ ಬಗ್ಗೆ, ಅಂದರೆ ಬರ್ಕ್ಲಿ, ಯುಸಿಎಲ್‌ಎ ಎಲ್ಲ ಸೇರಿದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಬಗ್ಗೆ, ಪ್ರತ್ಯೇಕವಾಗಿ ಹೇಳಲೇಬೇಕು. ಅವರು ಎಸ್‌ಎಟಿಯನ್ನು ನೋಡುವುದೇ ಇಲ್ಲ, ನಿಮ್ಮ ಮಗಳ 1540 ಅಲ್ಲಿ ಲೆಕ್ಕಕ್ಕಿಲ್ಲ. ಜಿಪಿಎಯನ್ನೂ ಅವರದೇ ರೀತಿಯಲ್ಲಿ ಹಾಕುತ್ತಾರೆ: 10 ಮತ್ತು 11ನೇ ತರಗತಿಯ ಕೋರ್ಸುಗಳು, ಆನರ್ಸ್ ಮತ್ತು ಎಪಿಗೆ ಸಿಗುವ ಹೆಚ್ಚುವರಿ ಅಂಕ 8 ಸೆಮಿಸ್ಟರಿಗೆ ಮಿತಿ. ಎಂಟು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಉತ್ತರ ಬರೆಯಬೇಕು, ಒಂದೊಂದು ಹೆಚ್ಚೆಂದರೆ 350 ಪದ. ಆ ನಾಲ್ಕು ಉತ್ತರಗಳಿಗೆ ಈಗಲೇ ಕೂರಲಿ. ಲೈಬ್ರರಿಯಲ್ಲಿ ಮಕ್ಕಳಿಗೆ ಕಲಿಸುವುದನ್ನು ನೀವು ಪತ್ರದಲ್ಲಿ ಕೊನೆಗೆ ಬರೆದಿದ್ದೀರಿ, ನನಗೆ ಎಲ್ಲಕ್ಕಿಂತ ಆಸಕ್ತಿ ಹುಟ್ಟಿಸಿದ್ದು ಅದೇ. ಎಷ್ಟು ದಿನದಿಂದ ಮಾಡುತ್ತಿದ್ದಾಳೆ, ಯಾವ ಮಗು ಎಲ್ಲಿ ತಡವರಿಸಿತು, ಅದಕ್ಕೆ ಇವಳು ಪಾಠವನ್ನು ಹೇಗೆ ಬದಲಾಯಿಸಿದಳು, ಹೀಗೆ ನಡೆದದ್ದನ್ನು ನಡೆದ ಹಾಗೆ ಬರೆದರೆ ಓದುವವರ ಕಣ್ಣ ಮುಂದೆ ಒಂದು ಹುಡುಗಿ ನಿಲ್ಲುತ್ತಾಳೆ. "ನನಗೆ ತಂತ್ರಜ್ಞಾನದಲ್ಲಿ ಅಪಾರ ಆಸಕ್ತಿ" ಅಂದರೆ ಯಾರೂ ನಿಲ್ಲುವುದಿಲ್ಲ.

ಪಟ್ಟಿಯಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಏನೆಂದರೆ, ಖಂಡಿತ ಸಿಗುತ್ತದೆ ಅನ್ನುವ ಕಾಲೇಜು ಒಂದೂ ಇಲ್ಲ. ಯುಸಿ ಮರ್ಸೆಡ್, ರಿವರ್‌ಸೈಡ್, ಸಾಂಟಾ ಕ್ರೂಜ್, ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಕ್ಯಾಂಪಸ್‌ಗಳು, ಹೊರಗೆ ಅರಿಜೋನಾ ಸ್ಟೇಟ್, ಇವುಗಳನ್ನು ನೋಡಿ. ಆದರೆ ಒಂದು ಎಚ್ಚರಿಕೆ. ಸ್ಯಾನ್ ಹೊಸೆ ಸ್ಟೇಟ್, ಕ್ಯಾಲ್ ಪಾಲಿ ಸ್ಯಾನ್ ಲೂಯಿಸ್ ಒಬಿಸ್ಪೊ ಇವುಗಳಲ್ಲಿ ಕಂಪ್ಯೂಟರ್ ಸೈನ್ಸ್ ಸುಲಭ ಅಂತ ತಿಳಿಯಬೇಡಿ, ಅಲ್ಲೂ ಭಾರಿ ಪೈಪೋಟಿ. ಎರಡು ಖಚಿತ ಕಾಲೇಜು, ಮೂರೋ ನಾಲ್ಕೋ ಮಧ್ಯದವು, ಆಮೇಲೆ ಕನಸಿನವು. ಖಚಿತ ಅಂತ ಹಾಕಿದ ಕಡೆಗೆ ಮಗಳನ್ನು ಒಮ್ಮೆ ಕರೆದುಕೊಂಡು ಹೋಗಿ. ಅಲ್ಲಿ ಓದಲು ಅವಳಿಗೆ ಮನಸ್ಸಿಲ್ಲದಿದ್ದರೆ ಅದನ್ನು ಪಟ್ಟಿಯಿಂದ ತೆಗೆದು ಬೇರೆ ಹುಡುಕಿ.

ಪ್ರಶ್ನೆ: ಡಲ್ಲಾಸ್ ಹತ್ತಿರ ಇದ್ದೇವೆ. ಮಗ ತರಗತಿಯಲ್ಲಿ ಮೊದಲ ಶೇಕಡಾ 5ರೊಳಗೆ ಇದ್ದಾನೆ. ಯುಟಿ ಆಸ್ಟಿನ್‌ನಲ್ಲಿ (ಯೂನಿವರ್ಸಿಟಿ ಆಫ್ ಟೆಕ್ಸಸ್) ಸೀಟು ಆಟೋಮ್ಯಾಟಿಕ್ ಅಂತಾರೆ. ಹಾಗಾದರೆ ಬೇರೆ ಕಡೆ ಅರ್ಜಿ ಹಾಕುವ ಅಗತ್ಯ ಇದೆಯಾ?

ಉತ್ತರ: ವಿಶ್ವವಿದ್ಯಾಲಯಕ್ಕೆ ಪ್ರವೇಶ ಖಚಿತ, ಅವನು ಕೇಳಿದ ಮೇಜರ್ ಖಚಿತ ಅಲ್ಲ. ತುಂಬಾ ಮಂದಿ ಇದನ್ನು ಫಲಿತಾಂಶ ಬಂದ ಮೇಲೆ ತಿಳಿದುಕೊಳ್ಳುತ್ತಾರೆ, ಆಗ ತಡವಾಗಿರುತ್ತದೆ. ಆಟೋಮ್ಯಾಟಿಕ್ ಪ್ರವೇಶದ ಗೆರೆ ಮೊದಲು ಶೇಕಡಾ 6 ಇತ್ತು, 2026ರಲ್ಲಿ ಸೇರುವವರಿಂದ ಅದು ಶೇಕಡಾ 5 ಆಗಿದೆ. ಆ ಗೆರೆಯ ಒಳಗಿದ್ದರೂ ಕಂಪ್ಯೂಟರ್ ಸೈನ್ಸ್, ಎಂಜಿನಿಯರಿಂಗ್, ಬಿಸಿನೆಸ್ ಇವುಗಳಿಗೆ ಪ್ರಬಂಧ, ಚಟುವಟಿಕೆ ಎಲ್ಲ ನೋಡಿ ಬೇರೆ ಆಯ್ಕೆ ನಡೆಯುತ್ತದೆ. ಸಿಗದಿದ್ದರೆ ಬೇರೆ ವಿಷಯಕ್ಕೆ ಸೀಟು ಕೊಡುತ್ತಾರೆ. ಮಗನಿಗೆ ಊರು ಮುಖ್ಯವೋ ವಿಷಯ ಮುಖ್ಯವೋ, ಈಗಲೇ ಕೇಳಿ. ವಿಷಯ ಅಂದರೆ ಟೆಕ್ಸಸ್ ಎ ಆ್ಯಂಡ್ ಎಂ, ಯುಟಿ ಡಲ್ಲಾಸ್ ಎರಡಕ್ಕೂ ಹಾಕಲಿ.

ಪ್ರಶ್ನೆ: ನಾನೇ ವಿದ್ಯಾರ್ಥಿ. 9ನೇ ತರಗತಿಯಲ್ಲಿ ಮನೆ ಬದಲಾಯಿಸಿ ಹೊಸ ಶಾಲೆಗೆ ಬಂದೆ, ಎರಡು ಸಿ, ಮೂರು ಬಿ ಬಂತು. ಆಮೇಲೆ ಎಲ್ಲ ಎ. ನನ್ನ ಕಥೆ ಮುಗಿದೇ ಹೋಯ್ತಾ?

ಉತ್ತರ: ಖಂಡಿತ ಇಲ್ಲ ಪುಟ್ಟ. ಅಂಕ ಕೆಳಗಿಂದ ಮೇಲಕ್ಕೆ ಹೋದದ್ದನ್ನೂ, ಮೇಲಿಂದ ಕೆಳಕ್ಕೆ ಬಂದದ್ದನ್ನೂ ಓದುವವರು ಒಂದೇ ರೀತಿ ನೋಡುವುದಿಲ್ಲ. ಯುಸಿಯ ಜಿಪಿಎ ಲೆಕ್ಕದಲ್ಲಿ 9ನೇ ತರಗತಿ ಸೇರುವುದೇ ಇಲ್ಲ ಅಂತ ಮೇಲೆ ಹೇಳಿದ್ದೇನೆ. ಕೋರ್ಸಿನಲ್ಲಿ ಸಿ ಆದರೂ ಬಂದಿರಬೇಕು, ಅಷ್ಟೇ. ಬೇರೆ ಕಡೆ ಪೂರ್ತಿ ಟ್ರಾನ್‌ಸ್ಕ್ರಿಪ್ಟ್ (ಎಲ್ಲ ವರ್ಷಗಳ ಅಂಕಪಟ್ಟಿ) ನೋಡುತ್ತಾರೆ. ಅರ್ಜಿಯಲ್ಲಿ ಹೆಚ್ಚುವರಿ ಮಾಹಿತಿಗೆ ಅಂತ ಜಾಗ ಇರುತ್ತದೆ, ಅದರಲ್ಲಿ ಮೂರು ನಾಲ್ಕು ಸಾಲು ಬರೆದರೆ ಸಾಕು. ಯಾವಾಗ ಬಂದೆ, ಏನು ಕಷ್ಟ ಆಯ್ತು, ಯಾವಾಗ ಸರಿಹೋಯ್ತು. ಅಳುಕು ಬೇಡ, ವಾದವೂ ಬೇಡ. ನಿನ್ನ ಶಾಲೆಯ ಕೌನ್ಸಿಲರ್‌ಗೂ (ಮಾರ್ಗದರ್ಶಕರಿಗೂ) ಈ ವಿಷಯ ಹೇಳು, ಅವರು ಪತ್ರದಲ್ಲಿ ಬರೆದರೆ ಅದಕ್ಕೆ ಹೆಚ್ಚು ತೂಕ. ಮುಖ್ಯ ಪ್ರಬಂಧವನ್ನು ಮಾತ್ರ ಇದಕ್ಕೆ ಖರ್ಚು ಮಾಡಬೇಡ. 650 ಪದ ಸಿಗುತ್ತದೆ, ಅಷ್ಟನ್ನೂ ಎರಡು ಸಿಗಳಿಗೆ ಕೊಟ್ಟರೆ ಈಗಿನ ನೀನು ಎಲ್ಲಿ ಕಾಣುತ್ತೀಯ?

ಪ್ರಶ್ನೆ: ಮಗನ ಎಸ್‌ಎಟಿ 1420. ಕಳಿಸಬೇಕಾ, ಬಿಡಬೇಕಾ?

ಉತ್ತರ: ಕೆಲವು ಕಡೆ ಆ ಆಯ್ಕೆಯೇ ಇಲ್ಲ. ಎಂಐಟಿ 2022ರಲ್ಲೇ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು. 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ ಕೂಡ ಅದೇ ತೀರ್ಮಾನಕ್ಕೆ ಬಂದವು. ಯೇಲ್ ಎಸ್‌ಎಟಿ, ಎಸಿಟಿ, ಎಪಿ, ಐಬಿ ಇವುಗಳಲ್ಲಿ ಒಂದು ಪರೀಕ್ಷೆಯ ಅಂಕ ಸಾಕು ಅನ್ನುತ್ತದೆ. ಉಳಿದ ಕಡೆ, ಆ ಕಾಲೇಜಿನ ಹೆಸರಿನ ಜೊತೆ ಕಾಮನ್ ಡೇಟಾ ಸೆಟ್ (ಕಾಲೇಜೇ ಪ್ರಕಟಿಸುವ ಅಂಕಿಅಂಶಗಳ ಪಟ್ಟಿ) ಅಂತ ಹುಡುಕಿ. ಸಿ9 ಅನ್ನುವ ಭಾಗದಲ್ಲಿ ಸೇರಿದ ವಿದ್ಯಾರ್ಥಿಗಳ ನಡುವಿನ ಅರ್ಧದಷ್ಟು ಮಂದಿಯ ಅಂಕ ಎಲ್ಲಿಂದ ಎಲ್ಲಿಯವರೆಗೆ ಅಂತ ಇರುತ್ತದೆ. 1420 ಆ ಸಾಲಿನ ಒಳಗಿದ್ದರೆ ಕಳಿಸಿ, ತುಂಬಾ ಕೆಳಗಿದ್ದರೆ ಬಿಡಿ. ಒಂದು ವಿಷಯ ನೆನಪಿರಲಿ, ಪರೀಕ್ಷೆ ಐಚ್ಛಿಕ ಇರುವ ಕಾಲೇಜಿನಲ್ಲಿ ಕಡಿಮೆ ಅಂಕದವರು ಕಳಿಸಿಯೇ ಇರುವುದಿಲ್ಲ, ಹಾಗಾಗಿ ಆ ಅಂಕಿ ನಿಜಕ್ಕಿಂತ ಸ್ವಲ್ಪ ಎತ್ತರವಾಗಿ ಕಾಣುತ್ತದೆ. ಅಲ್ಲೇ ಸಿ7 ಭಾಗವನ್ನೂ ಓದಿ. ಅಂಕ, ಪ್ರಬಂಧ, ಶಿಫಾರಸು, ಅಪ್ಪ ಅಮ್ಮ ಅಲ್ಲೇ ಓದಿದ್ದಾರಾ ಅನ್ನುವುದು, ಯಾವುದಕ್ಕೆ ಎಷ್ಟು ಬೆಲೆ ಕೊಡುತ್ತೇವೆ ಅಂತ ಕಾಲೇಜೇ ಅಲ್ಲಿ ಗುರುತು ಹಾಕಿರುತ್ತದೆ. ಉಚಿತ, ಯಾರನ್ನೂ ಕೇಳಬೇಕಾಗಿಲ್ಲ.

ಪ್ರಶ್ನೆ: ಏಷ್ಯನ್ ಮಕ್ಕಳಿಗೆ ಕಷ್ಟ ಅಂತಾರೆ. ಅರ್ಜಿಯಲ್ಲಿ ನಾಟ್ಯ, ಕನ್ನಡ ಶಾಲೆ ಎಲ್ಲ ಮುಚ್ಚಿಡಬೇಕಾ?

ಉತ್ತರ: ಬೇಡ, ದಯವಿಟ್ಟು ಬೇಡ. ಜನಾಂಗವನ್ನು ನೋಡಿ ಸೀಟು ಕೊಡುವುದು ಸಂವಿಧಾನಕ್ಕೆ ವಿರುದ್ಧ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 2023ರ ಜೂನ್‌ನಲ್ಲಿ ತೀರ್ಪು ಕೊಟ್ಟಿದೆ. ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಈ ನಿಷೇಧ ಅದಕ್ಕೂ ಮೊದಲೇ, 1996ರಲ್ಲಿ ಜನರು ಮತ ಹಾಕಿ ತಂದದ್ದು. ತನ್ನ ಹಿನ್ನೆಲೆ ತನ್ನನ್ನು ಹೇಗೆ ರೂಪಿಸಿತು ಅಂತ ಪ್ರಬಂಧದಲ್ಲಿ ಬರೆಯಲು ಆ ತೀರ್ಪಿನಲ್ಲೂ ಅಡ್ಡಿಯಿಲ್ಲ. ಮಗು ಹತ್ತು ವರ್ಷ ಪ್ರೀತಿಯಿಂದ ಮಾಡಿದ್ದನ್ನು ಮುಚ್ಚಿಟ್ಟು, ಎರಡು ತಿಂಗಳ ಹಿಂದೆ ಶುರು ಮಾಡಿದ ಯಾವುದೋ ಸಂಸ್ಥೆಯ "ಸಂಸ್ಥಾಪಕಿ" ಅಂತ ಬರೆದರೆ ನಷ್ಟ ಅವಳಿಗೇ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದೇವೆ. ಗ್ರೀನ್ ಕಾರ್ಡ್ ಸಾಲು ಮುಂದೆ ಹೋಗುತ್ತಿಲ್ಲ. ಮಗಳು ಎಚ್-4 ವೀಸಾದಲ್ಲಿ (ಎಚ್-1ಬಿಯಲ್ಲಿ ಕೆಲಸ ಮಾಡುವವರ ಕುಟುಂಬಕ್ಕೆ ಕೊಡುವುದು) ಇದ್ದಾಳೆ. ಎರಡನೇ ಕ್ಲಾಸಿನಿಂದ ಇಲ್ಲೇ ಓದಿದವಳು. ಅರ್ಲಿ ಡಿಸಿಷನ್ (ಸೀಟು ಕೊಟ್ಟರೆ ಸೇರಲೇಬೇಕಾದ ಮುಂಚಿನ ಸುತ್ತಿನ ಅರ್ಜಿ) ಹಾಕಿದರೆ ಸಾಧ್ಯತೆ ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ. ಹಾಕಲಾ?

ಉತ್ತರ: ಇದು ಈ ಸಲದ ಪತ್ರಗಳಲ್ಲಿ ನನಗೆ ಅತಿ ಹೆಚ್ಚು ಚಿಂತೆ ಹಚ್ಚಿದ ಪ್ರಶ್ನೆ. ಇಲ್ಲೇ ಬೆಳೆದ ಮಗು, ಆದರೂ ಎಷ್ಟೋ ಖಾಸಗಿ ಕಾಲೇಜುಗಳಲ್ಲಿ ಹಣಕಾಸಿನ ನೆರವಿನ ಲೆಕ್ಕಕ್ಕೆ ಅವಳು ವಿದೇಶಿ ವಿದ್ಯಾರ್ಥಿ. ಅಮೆರಿಕದ ಕೇಂದ್ರ ಸರ್ಕಾರದ ನೆರವು ಎಚ್-4 ಮಕ್ಕಳಿಗೆ ಇಲ್ಲವೇ ಇಲ್ಲ. ಇದರ ಅರ್ಥ, ನೆರವು ಬೇಕು ಅಂತ ಅರ್ಜಿಯಲ್ಲಿ ಗುರುತು ಹಾಕಿದರೆ ಕೆಲವು ಕಡೆ ಪ್ರವೇಶದ ಸಾಧ್ಯತೆಯೇ ಕಡಿಮೆ ಆಗುತ್ತದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್ ಮತ್ತು ಇನ್ನು ಬೆರಳೆಣಿಕೆಯ ಕೆಲವು ಕಾಲೇಜುಗಳು ಮಾತ್ರ ವಿದೇಶಿಯರ ವಿಷಯದಲ್ಲೂ ಹಣದ ಅಗತ್ಯ ನೋಡದೆ ಆಯ್ಕೆ ಮಾಡುತ್ತವೆ.

ಅರ್ಲಿ ಡಿಸಿಷನ್‌ನ ದರ ಎತ್ತರ ಇರುವುದು ನಿಜ. ಆದರೆ ಆ ಸುತ್ತಿನಲ್ಲಿ ಕಾಲೇಜು ಮೊದಲೇ ಗೊತ್ತು ಮಾಡಿಕೊಂಡ ಕ್ರೀಡಾಪಟುಗಳು, ಹಳೆಯ ವಿದ್ಯಾರ್ಥಿಗಳ ಮಕ್ಕಳು ಜಾಸ್ತಿ ಇರುತ್ತಾರೆ, ಅವರನ್ನು ಕಳೆದರೆ ನಿಮ್ಮ ಮಗಳಿಗೆ ಸಿಗುವ ಲಾಭ ಕಾಣುವಷ್ಟು ದೊಡ್ಡದಲ್ಲ. ಸೀಟು ಕೊಟ್ಟರೆ ಸೇರುತ್ತೇವೆ ಅಂತ ಮಗಳು, ನೀವು, ಶಾಲೆಯ ಕೌನ್ಸಿಲರ್ ಮೂವರೂ ಸಹಿ ಹಾಕಬೇಕು. ಕೊಡುವ ನೆರವು ಸಾಲದು ಅಂತಾದರೆ ಬಿಡಿಸಿಕೊಳ್ಳಬಹುದು, ಆದರೆ ಆಗ ಬೇರೆ ಕಾಲೇಜಿನ ಲೆಕ್ಕ ಕೈಯಲ್ಲಿ ಇರುವುದಿಲ್ಲ. ಹೋಲಿಸಿ ನೋಡುವ ಅವಕಾಶವೇ ಹೋಗುತ್ತದೆ.

2011ರಿಂದ ಕೇಂದ್ರ ಸರ್ಕಾರದ ನೆರವಿನ ಯೋಜನೆಯಲ್ಲಿರುವ ಕಾಲೇಜುಗಳು ವೆಬ್‌ಸೈಟಿನಲ್ಲಿ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ (ನೆರವು ಕಳೆದು ಉಳಿಯುವ ಖರ್ಚಿನ ಅಂದಾಜು) ಇಡಬೇಕು ಅಂತ ಕಾನೂನಿದೆ. ಆದರೆ ಅದು ನಾಗರಿಕರು ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಮಾಡಿದ್ದು, ನಿಮಗೆ ತೋರಿಸುವ ಮೊತ್ತವನ್ನು ನಂಬಿ ಸಹಿ ಹಾಕಬೇಡಿ. ಪ್ರತಿ ಕಾಲೇಜಿಗೂ ಇಮೇಲ್ ಬರೆದು ಮೂರು ಪ್ರಶ್ನೆ ಕೇಳಿ. ನ್ಯೂಜೆರ್ಸಿಯ ಹೈಸ್ಕೂಲಿನಲ್ಲಿ ಓದಿದ ಎಚ್-4 ವಿದ್ಯಾರ್ಥಿಯನ್ನು ನೀವು ಯಾವ ಗುಂಪಿನಲ್ಲಿ ಓದುತ್ತೀರಿ? ನೆರವು ಕೇಳಿದರೆ ಆಯ್ಕೆಯ ಮೇಲೆ ಪರಿಣಾಮ ಇದೆಯಾ? ಮೊದಲ ವರ್ಷ ಕೇಳದಿದ್ದರೆ ಮುಂದಿನ ವರ್ಷ ಕೇಳಬಹುದಾ? ಉತ್ತರವನ್ನು ಬರಹದಲ್ಲೇ ತೆಗೆದುಕೊಳ್ಳಿ, ಫೋನಿನಲ್ಲಿ ಬೇಡ. ನಿಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ ರಟ್ಗರ್ಸ್‌ಗೆ ಬರೆಯುವಾಗ ರಾಜ್ಯದವರಿಗೆ ಇರುವ ಕಡಿಮೆ ಫೀಸು ಮಗಳಿಗೆ ಅನ್ವಯಿಸುತ್ತದೆಯೇ ಅಂತಲೂ ಕೇಳಿ, ಏಕೆಂದರೆ ಇದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಇನ್ನು 21 ತುಂಬಿದರೆ ಎಚ್-4 ಮುಗಿಯುತ್ತದೆ, ಕಾಲೇಜಿನ ಮಧ್ಯದಲ್ಲೇ ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಗಬೇಕಾಗಬಹುದು. ಆಗ ಫೀಸು, ನೆರವು ಎರಡೂ ಬದಲಾಗುತ್ತವೆಯೇ ಅಂತ ಅದೇ ಪತ್ರದಲ್ಲಿ ಸೇರಿಸಿ. ಅರ್ಲಿ ಅರ್ಜಿಗಳ ಕೊನೆಯ ದಿನ ಹೆಚ್ಚಿನ ಕಡೆ ನವೆಂಬರ್ 1. ಅಷ್ಟರೊಳಗೆ ಈ ಉತ್ತರಗಳು ಬರದಿದ್ದರೆ ಅರ್ಲಿ ಡಿಸಿಷನ್ ಬಿಡಿ, ಕಟ್ಟಿಹಾಕದ ಅರ್ಲಿ ಆ್ಯಕ್ಷನ್ ಇರುವ ಕಾಲೇಜುಗಳಿಗೆ ಹಾಕಿ.