ಅಪ್ಪ ಮನೆ ಪತ್ರ ಕೊಡುತ್ತಿಲ್ಲ, ಗಾಣ ಹಾಕೋದು ಹೇಗೆ?

ಪ್ರಶ್ನೆ: ನನಗೆ 29 ವರ್ಷ. ಊರು ಚಳ್ಳಕೆರೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ನಾಲ್ಕೂವರೆ ವರ್ಷದಿಂದ ಕೆಲಸದಲ್ಲಿದ್ದೇನೆ. ಇದನ್ನು ಬಿಟ್ಟು ಊರಿನಲ್ಲಿ ಮರದ ಗಾಣ ಹಾಕಿ ಶೇಂಗಾ ಎಣ್ಣೆ ಮಾರಬೇಕು ಅಂತ ಆಸೆ. 20 ಲಕ್ಷ ಬೇಕು, ಕೈಯಲ್ಲಿ 7 ಲಕ್ಷ ಇದೆ. ಮನೆ ಪತ್ರ ಇಟ್ಟರೆ ಉಳಿದ ಸಾಲ ಸುಲಭವಾಗಿ ಸಿಗುತ್ತದೆ ಎಂದು ಬ್ಯಾಂಕಿನಲ್ಲಿ ಹೇಳಿದರು. ಅಪ್ಪ ನಿವೃತ್ತ ಸರ್ಕಾರಿ ಹೈಸ್ಕೂಲ್ ಮೇಷ್ಟ್ರು. "ತಿಂಗಳ ಸಂಬಳ ಬಿಟ್ಟು ಹಿಂಡಿ ಮಾರೋಕೆ ಬರ್ತೀಯಾ? ನಿನಗೆ ಹೆಣ್ಣು ಯಾರು ಕೊಡ್ತಾರೆ?" ಅಂತ ರೇಗುತ್ತಾರೆ. ತಾತನಿಗೆ ಇಲ್ಲೇ ಎಣ್ಣೆ ಮಿಲ್ಲಿನಲ್ಲಿ ಪಾಲಿತ್ತಂತೆ. ನಾನು ಹುಟ್ಟುವಷ್ಟರಲ್ಲಿ ಅದು ಮುಚ್ಚಿತ್ತು. ಆ ಕಥೆ ಕೇಳಿದರೆ ಅಪ್ಪ ಎದ್ದು ಹೋಗುತ್ತಾರೆ. ಅವರ ಕಾಲದವರಿಗೆ ರಿಸ್ಕ್ ಅಂದ್ರೇನು ಅಂತಾನೇ ಗೊತ್ತಿಲ್ಲ. ಅವರನ್ನು ಹೇಗೆ ಒಪ್ಪಿಸಲಿ?

ಉತ್ತರ: ರಿಸ್ಕ್ ಅಂದರೇನು ಎಂದು ನಿಮ್ಮ ಮನೆಯಲ್ಲಿ ಗೊತ್ತಿರುವುದು ನಿಮ್ಮ ಅಪ್ಪನಿಗೇ. ನಿಮಗಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಚಳ್ಳಕೆರೆಯನ್ನು ಎಣ್ಣೆ ನಗರಿ ಅಂತ ಸುಮ್ನೆ ಕರೆಯುತ್ತಿರಲಿಲ್ಲ. ಸುತ್ತ ಶೇಂಗಾ ಹೊಲ, ಊರು ತುಂಬಾ ಮಿಲ್ಲು, ಎಣ್ಣೆ ದರಕ್ಕೆ ದೂರದ ಊರಿನವರೂ ಇಲ್ಲಿನ ಮಾರುಕಟ್ಟೆ ನೋಡುತ್ತಿದ್ದ ಕಾಲ ಅದು. 1994ರಲ್ಲಿ ಕೇಂದ್ರ ಸರ್ಕಾರ ಪಾಮೋಲಿನ್ ಆಮದನ್ನು ಖಾಸಗಿಯವರಿಗೆ ಬಿಟ್ಟುಕೊಟ್ಟಿತು. ಅಗ್ಗದ ತಾಳೆ ಎಣ್ಣೆ ಹಡಗುಗಟ್ಟಲೆ ಬಂತು. ಇತ್ತ ಮಳೆ ಕೈಕೊಟ್ಟ ವರ್ಷಗಳಲ್ಲಿ ಶೇಂಗಾವೂ ಇಲ್ಲ. ಒಂದೊಂದೇ ಮಿಲ್ಲು ಬಾಗಿಲು ಹಾಕಿತು. ನಿಮ್ಮ ತಾತನ ಮಿಲ್ಲು ಯಾಕೆ ಮುಚ್ಚಿತೋ ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಆದರೆ ಆ ದಿನಗಳಲ್ಲಿ ನಿಮ್ಮ ಅಪ್ಪ ಸಂಬಳ ತರುವ ವಯಸ್ಸಿನ ಮಗ. ಮನೆ ನಡೆದದ್ದು ಯಾರ ದುಡ್ಡಿನಲ್ಲಿ ಅಂತ ಅಮ್ಮನನ್ನು ಕೇಳಿ ನೋಡಿ. ಅವರು ಹೇಳಬಹುದು.

ತಲೆಮಾರು ಕಳೆದಂತೆ ಜನರ ಧೈರ್ಯ ಹೆಚ್ಚುತ್ತದೆ ಅನ್ನುವ ಮಾತು ನಿಮ್ಮ ಮನೆಗೆ ಹೊಂದುವುದಿಲ್ಲ. ತಾತ ದುಡ್ಡು ಹಾಕಿದರು. ಅಪ್ಪ ಅದು ಹೋದದ್ದನ್ನು ನೋಡಿದರು. ನೀವು ನೋಡಿಲ್ಲ, ಅದಕ್ಕೇ ನಿಮಗೆ ಹುರುಪಿದೆ. ಹುರುಪು ಇರಲಿ, ಅದಿಲ್ಲದೆ ಯಾರೂ ಅಂಗಡಿ ತೆರೆಯೋದಿಲ್ಲ.

ಹಾಗಂತ ಅಪ್ಪ ಹೇಳಿದ್ದೆಲ್ಲ ಸರಿ ಅಂತಲ್ಲ. ಅವರು ಒಂದು ಕಡೆ ಲೆಕ್ಕ ತಪ್ಪಿದ್ದಾರೆ. ನಿಮ್ಮ ಕೆಲಸವನ್ನು ಅವರ ಕೆಲಸದ ಹಾಗೆಯೇ ಅಂದುಕೊಂಡಿದ್ದಾರೆ. ಅವರದು ಸಾಯುವವರೆಗೆ ಪಿಂಚಣಿ ಬರುವ ನೌಕರಿ. 2006ರ ಏಪ್ರಿಲ್ ನಂತರ ರಾಜ್ಯ ಸರ್ಕಾರಿ ಕೆಲಸಕ್ಕೆ ಸೇರಿದವರಿಗೇ ಆ ಹಳೆಯ ಪಿಂಚಣಿ ತಪ್ಪಿಹೋಯಿತು. ಇನ್ನು ನಿಮ್ಮ ಕಂಪನಿ? ಒಂದು ಬೆಳಗ್ಗೆ ಈಮೇಲ್ ಬಂದರೆ ಸಂಜೆಗೆ ಕೆಲಸ ಇರಲ್ಲ. ನಲವತ್ತೈದರ ಮೇಲೆ ಆ ಈಮೇಲ್ ಬಂದವರ ಪಾಡು ನಿಮ್ಮ ಆಫೀಸಿನಲ್ಲೇ ನೋಡಿರುತ್ತೀರಿ. ಇದನ್ನು ಅಪ್ಪನಿಗೆ ಯಾವತ್ತಾದರೂ ಬಿಡಿಸಿ ಹೇಳಿದ್ದೀರಾ? "ನನಗೆ ಬೋರಾಗಿದೆ" ಅಂದರೆ ಅವರಿಗೆ ಕೋಪ ಬರುತ್ತದೆ. "ಈ ಕೆಲಸಕ್ಕೆ ನಿಮ್ಮದರಷ್ಟು ಆಯಸ್ಸಿಲ್ಲ" ಅಂದರೆ ಕೇಳಿಸಿಕೊಳ್ಳುತ್ತಾರೆ.

ಈಗ ಮನೆ ಪತ್ರದ ವಿಷಯ. ಅದನ್ನು ಕೇಳಲೇಬೇಡಿ. ಬ್ಯಾಂಕಿಗೆ ಸುಲಭ ಅನ್ನಿಸಿದ್ದು ನಿಮಗೂ ಸುಲಭ ಆಗಬೇಕಿಲ್ಲ. ಅಪ್ಪ ಪತ್ರ ಇಟ್ಟು ಜಾಮೀನು ಸಹಿ ಹಾಕಿದರೆ ಆ ಸಾಲಕ್ಕೆ ನೀವೆಷ್ಟು ಹೊಣೆಯೋ ಅವರೂ ಅಷ್ಟೇ ಹೊಣೆ. ಗಾಣ ನಿಂತರೆ ನೀವು ಮೂವತ್ತೆರಡಕ್ಕೆ ಮತ್ತೊಂದು ಕೆಲಸ ಹುಡುಕುತ್ತೀರಿ. ಅರವತ್ತು ದಾಟಿದವರು ಮತ್ತೊಂದು ಮನೆ ಕಟ್ಟೋದು ಯಾವಾಗ? ನಷ್ಟ ತಡೆದುಕೊಳ್ಳಲು ನಿಮಗಿರುವಷ್ಟು ವರ್ಷ ಅವರಿಗಿಲ್ಲ.

ಮನೆ ಇಡದೆಯೂ ದಾರಿಯಿದೆ. ಸಣ್ಣ ಉದ್ದಿಮೆಗೆ ಕನಿಷ್ಠ 10 ಲಕ್ಷದವರೆಗಿನ ಸಾಲಕ್ಕಂತೂ ಬ್ಯಾಂಕು ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಕೌಂಟರಿನಲ್ಲಿ ಇದನ್ನು ತಾವಾಗಿಯೇ ಯಾರೂ ಹೇಳುವುದಿಲ್ಲ, ನೀವೇ ಬಾಯಿಬಿಡಬೇಕು. ಸಣ್ಣ ಆಹಾರ ಘಟಕಗಳಿಗೆ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ 35ರಷ್ಟು, ಗರಿಷ್ಠ 10 ಲಕ್ಷ ಸಬ್ಸಿಡಿ ಇಟ್ಟಿದ್ದರು. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಅಂತ ಜಿಲ್ಲಾ ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಆದರೆ ಆ ದುಡ್ಡು ಮೊದಲೇ ಕೈಗೆ ಬರುವುದಿಲ್ಲ. ಸಾಲದ ಜೊತೆ ಬ್ಯಾಂಕಿನಲ್ಲೇ 3 ವರ್ಷ ಇದ್ದು, ಘಟಕ ನಡೆಯುತ್ತಿದ್ದರೆ ಮಾತ್ರ ಲೆಕ್ಕಕ್ಕೆ ಸೇರುತ್ತದೆ. ಸಬ್ಸಿಡಿ ನಂಬಿಕೊಂಡು ಗಾಣ ಹಾಕಬೇಡಿ.

ಅದಿರಲಿ, 20 ಲಕ್ಷದ ಲೆಕ್ಕ ಹೇಗೆ ಹಾಕಿದಿರಿ? ನಿಮ್ಮ ಪತ್ರದಲ್ಲಿ ಬೀಜದ ಮಾತೇ ಇಲ್ಲ. ಗಾಣದಲ್ಲಿ ಒಂದು ಲೀಟರ್ ಎಣ್ಣೆಗೆ ಹೆಚ್ಚುಕಡಿಮೆ ಎರಡೂವರೆ ಕೆಜಿ ಶೇಂಗಾ ಬೀಜ ಬೇಕು. ಅಕ್ಟೋಬರ್–ನವೆಂಬರ್‌ನಲ್ಲಿ ಸುಗ್ಗಿಯಾದಾಗ ದರ ಇಳಿದಿರುತ್ತದೆ. ಆಗಲೇ ಕೊಂಡಿಡದಿದ್ದರೆ ಬೇಸಿಗೆಯಲ್ಲಿ ಲಾಭವೆಲ್ಲ ಬೀಜಕ್ಕೇ ಹೋಗುತ್ತದೆ. ಕೊಂಡಿಟ್ಟರೆ ದುಡ್ಡು ಗೋದಾಮಿನಲ್ಲಿ ಕೂರುತ್ತದೆ. ಬೀಜದಲ್ಲಿ ತೇವ ಉಳಿದರೆ ಬೂಸ್ಟು. ಗಾಣದ ಎಣ್ಣೆ ರಿಫೈನ್ಡ್ ಎಣ್ಣೆಯಷ್ಟು ದಿನ ತಡೆಯುವುದೂ ಇಲ್ಲ, ಕಮಟು ಹಿಡಿಯುತ್ತದೆ. ಹಿಂಡಿ ಕೊಂಡವರು ದುಡ್ಡು ಯಾವಾಗ ಕೊಡುತ್ತಾರೆ? ಉದ್ರಿ ಎಷ್ಟು ದಿನ? ಇದನ್ನೆಲ್ಲ ಯೂಟ್ಯೂಬಿನವರು ಹೇಳುವುದಿಲ್ಲ. ಮಿಲ್ಲಿನ ಮನೆಯಲ್ಲಿ ಬೆಳೆದ ನಿಮ್ಮ ಅಪ್ಪನಿಗೆ ಗೊತ್ತಿರುತ್ತದೆ.

ಹಾಗಾಗಿ ಒಪ್ಪಿಸಲು ಹೋಗಬೇಡಿ, ಕೇಳಲು ಹೋಗಿ. ತಾತನ ಕಥೆ ಅಂದರೆ ಎದ್ದು ಹೋಗುತ್ತಾರೆ ಅಂತೀರಿ. ಕಥೆ ಬಿಡಿ. ನಿಮ್ಮ ಖರ್ಚಿನ ಪಟ್ಟಿಯನ್ನು ಕಾಗದದಲ್ಲಿ ಬರೆದು, ಕೆಂಪು ಪೆನ್ನಿನ ಸಮೇತ ಅವರ ಮುಂದಿಡಿ. "ಇದರಲ್ಲಿ ತಪ್ಪೆಲ್ಲಿದೆ ತೋರಿಸಿ ಅಪ್ಪಾ" ಅನ್ನಿ. ಮೇಷ್ಟ್ರಾಗಿದ್ದವರು ತಪ್ಪು ತಿದ್ದದೆ ಬಿಡುತ್ತಾರಾ? ತಿದ್ದುತ್ತಾ ತಿದ್ದುತ್ತಾ ಮಿಲ್ಲಿನ ಮಾತೂ ಬರಬಹುದು. ಬಂದರೆ ಮಧ್ಯೆ ಬಾಯಿ ಹಾಕಬೇಡಿ.

ನಾಳೆಯೇ ರಾಜೀನಾಮೆಯೂ ಬೇಡ. ಇನ್ನು 6 ತಿಂಗಳು ಕಳೆದರೆ ನಿಮಗೆ 5 ವರ್ಷ ತುಂಬಿ ಗ್ರಾಚ್ಯುಟಿ ಸಿಗುತ್ತದೆ. ಕಷ್ಟಪಟ್ಟು ದುಡಿದ ಆ ದುಡ್ಡನ್ನು ಯಾಕೆ ಬಿಡುತ್ತೀರಿ? ಅಷ್ಟರೊಳಗೆ ಬೇರೆಯವರ ಗಾಣದಲ್ಲಿ ಕೂಲಿ ಕೊಟ್ಟು ಒಂದೆರಡು ಕ್ವಿಂಟಲ್ ಆಡಿಸಿ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಿ, ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಮಾರಿ ನೋಡಿ. ಮೊದಲ ಬಾಟಲಿ ಪರಿಚಯಕ್ಕೆ ಎಲ್ಲರೂ ಕೊಳ್ಳುತ್ತಾರೆ. ಖಾಲಿಯಾದ ಮೇಲೆ ತಾವಾಗಿಯೇ ಎಷ್ಟು ಮನೆಯವರು ಫೋನ್ ಮಾಡಿದರು ಅಂತ ಬರೆದಿಡಿ. ಆ ಪಟ್ಟಿ ಉದ್ದ ಆದರೆ ಸಾಲಕ್ಕೆ ಅರ್ಜಿ ಹಾಕಿ. ಆಗದಿದ್ದರೆ ಹೋಗುವುದು ಒಂದಷ್ಟು ಸಾವಿರ.

ಇನ್ನು ಹೆಣ್ಣು ಕೊಡುವವರ ಮಾತು. ಇದರಲ್ಲಿ ನಿಮ್ಮ ಅಪ್ಪ ಉತ್ಪ್ರೇಕ್ಷೆ ಮಾಡಿಲ್ಲ. ನಮ್ಮ ಕಡೆ ಊರಲ್ಲಿ ನೆಲೆಸಿ ವ್ಯಾಪಾರ ಮಾಡುವ ಹುಡುಗನಿಗೆ ಸಂಬಂಧ ಸಿಗುವುದು ತಡವಾಗುತ್ತದೆ, ಅದು ನಿಜ. ಹಾಗಂತ ಆಫೀಸಿನ ಐಡಿ ಕಾರ್ಡ್ ಕೊರಳಲ್ಲಿ ಇರುವಾಗಲೇ ಮದುವೆ ಮುಗಿಸಿ, ಮೂರು ತಿಂಗಳಿಗೆ ಕೆಲಸ ಬಿಡುವ ಜಾಣತನ ಮಾತ್ರ ಬೇಡ. ಅಂಥ ಹೆಂಡತಿಯರ ಪತ್ರಗಳೂ ಈ ಅಂಕಣಕ್ಕೆ ಬರುತ್ತವೆ. ಹೆಣ್ಣು ನೋಡಲು ಹೋದರೆ ಗಾಣದ ವಿಷಯವನ್ನು ಮೊದಲ ಮಾತುಕತೆಯಲ್ಲೇ ಹೇಳಿಬಿಡಿ.